ತುಂಬಿದ ಟ್ಯಾಂಕು

ಸಿದ್ದೇಶ್ ನಾಲ್ಕು ಪುಟದ ವರದಿಯನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟು, ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದುಕೊಟ್ಟ.

“ಓದೋಕೇನಿಲ್ಲ, ನಿಂಗೆ ಗೊತ್ತಿರೋದೇ. ಕೊನೇ ಪೇಜಲ್ಲಿ ಒಂದ್ ಸೈನ್ ಹಾಕ್ಬಿಡು. ಸೋಮವಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ.”

ಓದಿದೆ. ಇಂಗ್ಲಿಷ್ ಚೆನ್ನಾಗಿತ್ತು. ಆಪರೇಟರ್ ಮಹದೇವ್, ಕಂಪನಿಯ ಲಿಖಿತ ನಿಯಮಗಳಲ್ಲಿ ಏಳನೆಯದನ್ನು ಮೀರಿ, ಯಾರನ್ನೂ ಕೇಳದೆ ಟ್ಯಾಂಕಿಗೆ ನೀರು ಬಿಟ್ಟಿದ್ದಾನೆ. ಅದರಿಂದ ಪೈಪು ಕಟ್ಟಿಕೊಂಡು ಕ್ಲೋರಿನ್ ಹೊರಗೆ ನುಗ್ಗಿದೆ. ಆಮೇಲೆ ಮಾಸ್ಕ್ ಇಲ್ಲದೆ ಶೆಡ್ಡಿನೊಳಕ್ಕೆ ಓಡಿದ್ದಾನೆ. ನಿಯಮಗಳನ್ನು ಓದಿ ಅರ್ಥಮಾಡಿಕೊಂಡಿದ್ದೇನೆಂದು ಆತ ಮಾಡಿದ ಸಹಿಯನ್ನು ಲಗತ್ತಿಸಿದೆ. ಅಪಘಾತಕ್ಕೆ ಆಪರೇಟರನ ನಿರ್ಲಕ್ಷ್ಯವೊಂದೇ ಕಾರಣ. ಕೆಳಗೆ, ನಿಯಮಗಳನ್ನು ಬರೆದವರು: ಎ. ಸಂಘಮಿತ್ರಾ, ಕೆಮಿಸ್ಟ್. ಅದರ ಮುಂದೆ ಒಂದು ಖಾಲಿ ಗೆರೆ.

“ಇದ್ರಲ್ಲಿ ನಿಮ್ ತಂದೆಯವರ ಹೆಸ್ರೇ ಇಲ್ವಲ್ಲ ಸಾರ್.”

“ಅವ್ರಿಗೆ ಎಪ್ಪತ್ನಾಲ್ಕು ವರ್ಷ. ಈ ವಯಸ್ಸಲ್ಲಿ ಸ್ಟೇಷನ್ನಿಗೆ ಕರ್ಕೊಂಡ್ ಹೋಗ್ಲಾ?”

“ಮಹದೇವಣ್ಣನ್ನ ಕರ್ಕೊಂಡ್ ಹೋಗ್ಬಹುದಾ?”

“ಅವ್ನಿಗೆ ಬೇಲ್ ನಾನೇ ಕೊಡಿಸ್ತೀನಿ ಮಿತ್ರಾ. ಲಾಯರ್ ಜೊತೆ ಆಗ್ಲೇ ಮಾತಾಡಾಗಿದೆ. ನಾನೇನ್ ಅವ್ನನ್ನ ಕೈ ಬಿಡ್ತೀನಾ?”

ಅಂದರೆ ಮನುಷ್ಯನನ್ನು ಆರೋಪಿ ಮಾಡುವ ಮೊದಲೇ ಅವನ ಜಾಮೀನು ಸಿದ್ಧವಾಗಿತ್ತು. ಬೀದಿಯವರು ಪೊಲೀಸರಿಗೆ ದೂರು ಕೊಟ್ಟಿದ್ದರು. ಫ್ಯಾಕ್ಟರಿ ಇನ್‌ಸ್ಪೆಕ್ಟರ ವರದಿ ಯಾರ ಹೆಸರು ಹೇಳುತ್ತದೋ ಅವರ ಮೇಲೆ ಕೇಸು. ನಾನು ಆ ಗೆರೆಯ ಮೇಲೆ ಹೆಸರು ಬರೆದರೆ, ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಕೂತಿರುವ ಮಹದೇವಣ್ಣ ಆರೋಪಿ.

ಪೆನ್ನನ್ನು ವರದಿಯ ಮೇಲಿಟ್ಟು, “ಮನೇಲಿ ಸಮಾಧಾನವಾಗಿ ಓದ್ತೀನಿ ಸಾರ್” ಎಂದೆ. ಆಗಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಬೇಕಿತ್ತು. ಹೇಳಲಿಲ್ಲ. ಇಪ್ಪತ್ತಾರು ವರ್ಷದಿಂದ ಕಲಿತ ಮರ್ಯಾದೆ ಸರಿಯಾದ ಸಮಯಕ್ಕೆ ಬಂದು ಅಡ್ಡ ನಿಂತಿತು.

ನಮ್ಮ ಶೆಡ್ಡು ಇರುವುದು ಬಸವೇಶ್ವರನಗರ ಮುಗಿದು ಕಾಮಾಕ್ಷಿಪಾಳ್ಯ ಶುರುವಾಗುವ ಒಂದು ಅಡ್ಡರಸ್ತೆಯಲ್ಲಿ. ಎಡಗಡೆ ಲೇತ್ ವರ್ಕ್‌ಶಾಪು, ಬಲಗಡೆ ನಮ್ಮ ಗೋಡೆಗೇ ಗೋಡೆ ಹಚ್ಚಿ ಕಟ್ಟಿದ ಬಾಡಿಗೆ ಮನೆಗಳು. ಸಿದ್ದೇಶನ ಅಪ್ಪ ಸೋಮಲಿಂಗಪ್ಪನವರು ಅಲ್ಲಿ ನಲವತ್ತು ವರ್ಷ ನಿಕಲ್ ಪ್ಲೇಟಿಂಗ್ ಮಾಡಿದವರು. ಸೈಕಲ್ಲಿನ ಹ್ಯಾಂಡಲ್, ನಲ್ಲಿ, ಬಾಗಿಲಿನ ಚಿಲಕ, ಏನು ತಂದುಕೊಟ್ಟರೂ ಹೊಳಪು ಹಾಕಿ ಕಳಿಸುತ್ತಿದ್ದರು. ಮಗ ಅದನ್ನು ಮುಚ್ಚಿ ತಾಮ್ರ ತಂದ.

ಗಣಿಯಿಂದ ಚೀಲದಲ್ಲಿ ಬರುವ ಕಪ್ಪು ಪುಡಿಯಲ್ಲಿ ತಾಮ್ರ ಗಂಧಕಕ್ಕೆ ಅಂಟಿಕೊಂಡಿರುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಕುಲುಮೆಯಲ್ಲಿ ಸುಡುತ್ತವೆ, ಗಂಧಕ ಉರಿಯುವ ಗಾಳಿಯಾಗಿ ಮೇಲೇಳುತ್ತದೆ. ನಾವು ಸುಡುವುದಿಲ್ಲ. ಗಟ್ಟಿ ಉಪ್ಪುನೀರನ್ನು ಕುದಿಯುವ ಹತ್ತಿರಕ್ಕೆ ಕಾಯಿಸಿ, ಅದರಲ್ಲಿ ಕ್ಲೋರಿನ್ನಿನ ಬಲದಿಂದ ತಾಮ್ರವನ್ನು ಕರಗಿಸುತ್ತೇವೆ. ಗಂಧಕ ಹಳದಿ ಪುಡಿಯಾಗಿ ಹಿಂದೆ ಉಳಿಯುತ್ತದೆ. ದ್ರಾವಣ ಸುಸ್ತಾದಾಗ ಸಿಲಿಂಡರಿನಿಂದ ಮತ್ತೆ ಕ್ಲೋರಿನ್ ಗುಳ್ಳೆ ಬಿಟ್ಟು ಅದಕ್ಕೆ ಜೀವ ಕೊಡುತ್ತೇವೆ. ಫಿಲ್ಟರ್ ಬಟ್ಟೆಯ ಮೇಲೆ ಮೊದಲ ಸಲ ಆ ಹಳದಿ ಕಂಡ ದಿನ ನಾನೂ ಮಹದೇವಣ್ಣನೂ ಮೂಲೆಯ ದರ್ಶಿನಿಯಲ್ಲಿ ನಿಂತು ಕೇಸರಿಬಾತ್ ತಿಂದೆವು. “ಬಣ್ಣ ಒಂದೇ ನೋಡಿ ಮೇಡಮ್ಮಾ, ಇದಕ್ ತುಪ್ಪ ಜಾಸ್ತಿ” ಎಂದಿದ್ದ.

ಇದರಲ್ಲಿ ಒಂದು ಸಂಗತಿ ಮಾತ್ರ ಯಾವತ್ತೂ ಮರೆಯಬಾರದು. ಆ ತಾಮ್ರ ಕರಗಿಕೊಂಡಿರುವುದು ಉಪ್ಪುನೀರು ಗಟ್ಟಿಯಾಗಿರುವವರೆಗೆ ಮಾತ್ರ. ಬರೀ ನೀರು ಬಿದ್ದರೆ ಹಾಲು ಒಡೆದ ಹಾಗೆ ಬೆಳ್ಳಗೆ ಒಡೆದು ತಳಕ್ಕೆ ಇಳಿದು, ಕ್ಲೋರಿನ್ ಬರುವ ಪೈಪಿನ ತೂತುಗಳಲ್ಲಿ ಸುಣ್ಣದ ಗಾರೆಯಂತೆ ಕೂರುತ್ತದೆ. ಅದೇ ಏಳನೆಯ ನಿಯಮ. ಟ್ಯಾಂಕಿಗೆ ಬರೀ ನೀರು ಸೇರಿಸಬಾರದು, ಕಡಿಮೆಯಾದರೆ ಉಪ್ಪುನೀರನ್ನೇ ಸೇರಿಸಬೇಕು.

ಅಂಥ ಹದಿನಾಲ್ಕು ನಿಯಮಗಳನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. “ಹೊರಗಿಂದ ಆಡಿಟ್‌ಗೆ ಬರೋರು ಓದ್ಬೇಕು” ಎಂದಿದ್ದ ಸಿದ್ದೇಶ್. ಲ್ಯಾಮಿನೇಟ್ ಮಾಡಿಸಿ ಟ್ಯಾಂಕಿನ ಎದುರು ತೂಗುಹಾಕಿದೆ. ಒಂದು ಪ್ರತಿಯನ್ನು ಹೊಸಹಳ್ಳಿಯ ನಮ್ಮ ಮನೆಗೂ ಒಯ್ದಿದ್ದೆ. ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದ ನನ್ನಪ್ಪ ಆನಂದ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಒಂದ್ ತಪ್ಪಿಲ್ವಲ್ಲ ಮಗ್ಳೇ” ಎಂದು ಹಿಗ್ಗಿದ್ದ. ಕನ್ನಡದಲ್ಲಿ ಇನ್ನೊಂದು ಹಾಳೆ ಬರೆಯಲು ಅರ್ಧ ಗಂಟೆ ಸಾಕಿತ್ತು. ಆ ಅರ್ಧ ಗಂಟೆಯನ್ನು ನಾನು ಎಲ್ಲಿ ಕಳೆದೆನೋ ನೆನಪಿಲ್ಲ. ಬಹುಶಃ ಫಾಂಟ್ ಆರಿಸುವುದರಲ್ಲಿ.

ಆಯುಧಪೂಜೆಯ ದಿನ ಸೋಮಲಿಂಗಪ್ಪನವರು ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು ಬಂದರು. ಮೆಷಿನ್ನುಗಳೆಲ್ಲ ಬಂದ್. ಬಾಳೆಕಂದು, ಬೂದುಗುಂಬಳ, ಎರಡು ಬುಟ್ಟಿ ಕಡ್ಲೆಪುರಿ. ನಾನು ವಿಜಯನಗರದ ಮಾರ್ಕೆಟ್ಟಿಗೆ ಸೇವಂತಿಗೆ ತರಲು ಹೋಗಿದ್ದೆ. ಹಿಂತಿರುಗಿದಾಗ ಶೆಡ್ಡಿನ ನೆಲವೆಲ್ಲ ಒದ್ದೆ. ಮಹದೇವಣ್ಣ ಪಂಪು, ಏಣಿ, ತಕ್ಕಡಿ ಎಲ್ಲವನ್ನೂ ತೊಳೆದು, ಟ್ಯಾಂಕಿನ ಮುಚ್ಚಳ ಸರಿಸಿ, ಪೈಪಿನಿಂದ ಕಾವೇರಿ ನೀರು ಬಿಡುತ್ತಿದ್ದ. ದ್ರಾವಣ ಹಬೆಯಾಡಿ ಒಂದು ಗೇಣು ಕೆಳಗಿಳಿದಿತ್ತು. ಯಜಮಾನರು ಪಕ್ಕದಲ್ಲೇ ನಿಂತಿದ್ದರು.

“ಪೂಜೆ ದಿನ ಟ್ಯಾಂಕು ಅರ್ಧ ಇರ್ಬಾರ್ದು ಕಣೋ. ಬಾಯಂಚಿಗೆ ತುಂಬ್ಸು.”

ಪ್ಲೇಟಿಂಗ್ ಮಾಡುವವರ ಅಭ್ಯಾಸವೇ ಅದು. ಬಿಸಿ ಟ್ಯಾಂಕಿನಲ್ಲಿ ನೀರು ಆರುತ್ತದೆ, ದಿನಾ ಬೆಳಿಗ್ಗೆ ಬಂದವರು ಮೊದಲು ನೀರು ತುಂಬಿಸುತ್ತಾರೆ. ಮಹದೇವಣ್ಣ ಅವರ ಬಳಿ ಇಪ್ಪತ್ತೆರಡು ವರ್ಷ ತುಂಬಿಸಿದ್ದ. ಹಬ್ಬದ ದಿನವಂತೂ ಇಳಿದ ಟ್ಯಾಂಕಿಗೆ ಅರಿಸಿನ ಕುಂಕುಮ ಇಡುವುದುಂಟೆ?

“ಮೇಡಮ್ಮಾ, ಇದೇನು ಬೆಳ್ಳಗೆ ಬರ್ತಾ ಇದೆ?” ಎಂದು ಮಹದೇವಣ್ಣ ನನ್ನನ್ನೇ ಕೇಳಿದ.

ಬಗ್ಗಿ ನೋಡಿದೆ. ಕಷಾಯದ ಬಣ್ಣದ ದ್ರಾವಣದಲ್ಲಿ ಬಿಳಿ ಮೋಡ ಏಳುತ್ತಿತ್ತು. ನನಗೆ ಗೊತ್ತಾಯಿತು. ತಕ್ಷಣ ಗೊತ್ತಾಯಿತು, ಎಂ.ಎಸ್ಸಿ. ಚಿನ್ನದ ಪದಕದವಳಿಗೆ. ಆದರೆ ಮಂಗಳಾರತಿಗೆ ಕರ್ಪೂರ ಹಚ್ಚಿಯಾಗಿತ್ತು. ಯಜಮಾನರ ಎದುರು ‘ನೀವು ತಪ್ಪು ಮಾಡಿದಿರಿ’ ಎನ್ನಬೇಕಿತ್ತು. ಫೋಟೋಗೆ ನಿಲ್ಲಿ ಎಂದು ಸಿದ್ದೇಶ್ ಕೂಗುತ್ತಿದ್ದ.

“ನಾಳೆ ಬಂದು ನೋಡೋಣ ಅಣ್ಣಾ. ಉಪ್ಪು ಹಾಕಿದ್ರೆ ಸರಿಹೋಗತ್ತೆ” ಎಂದು ಟ್ಯಾಂಕಿಗೆ ಕುಂಕುಮವಿಟ್ಟೆ. ಫೋಟೋದಲ್ಲಿ ನಗುತ್ತಿದ್ದೇನೆ.

ನಾಳೆ ವಿಜಯದಶಮಿ. ರಜೆ, ನಿಧಾನಕ್ಕೆ ಬಂದು ಉಪ್ಪು ಹಾಕಿದರಾಯಿತು ಎಂದುಕೊಂಡಿದ್ದೆವು. ಬೆಳಿಗ್ಗೆ ಏಳು ನಲವತ್ತಕ್ಕೆ ಒಳ್ಳೆಯ ಗಳಿಗೆ ಇದೆ, ಹೊಸ ಬ್ಯಾಚು ಶುರು ಮಾಡಿಬಿಡು ಎಂದು ಸಿದ್ದೇಶ್ ಮಹದೇವಣ್ಣನಿಗೆ ಆರೂವರೆಗೆ ಫೋನ್ ಮಾಡಿದ. ನನಗೆ ಏಳೂಕಾಲಿಗೆ. ನಾನು ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಸ್ಕೂಟರ್ ಮೇಲಿದ್ದಾಗ ಮಹದೇವಣ್ಣ ಕ್ಲೋರಿನ್ ತಿರುಗಿಸಿದ್ದ. ಗಾರೆ ಕಟ್ಟಿದ ಪೈಪಿನಲ್ಲಿ ಗ್ಯಾಸಿಗೆ ದಾರಿಯಿರಲಿಲ್ಲ. ಸಿಲಿಂಡರಿನ ಮುಂದಿನ ಹೋಸ್ ಕಿತ್ತುಕೊಂಡು ಹಾರಿತು.

ಅವನು ಹೊರಗೆ ಓಡಿದ್ದ. ಗೇಟಿನವರೆಗೆ ಬಂದಿದ್ದ. ನೆಲಕ್ಕಂಟಿಕೊಂಡು ಹಳದಿ ಹಸಿರು ಗಾಳಿ ಪಕ್ಕದ ಮನೆಗಳ ಕಡೆ ಹರಿಯುವುದನ್ನು ನೋಡಿ, ಟವೆಲ್ಲನ್ನು ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ಮತ್ತೆ ಒಳಗೆ ಹೋಗಿ ಸಿಲಿಂಡರ್ ಮುಚ್ಚಿದ. ಬೀದಿಯವರಿಗೆ ಕಣ್ಣುರಿ, ಕೆಮ್ಮು. ಅವನ ಶ್ವಾಸಕೋಶ ಬೆಂದುಹೋಯಿತು. ಮಾಸ್ಕ್ ಇರಲಿಲ್ಲವೆಂದಲ್ಲ. ಒಂದಿತ್ತು. ಸಿದ್ದೇಶನ ಕ್ಯಾಬಿನ್ನಿನ ಗಾಜಿನ ಬೀರುವಿನಲ್ಲಿ, ಬಂದವರಿಗೆ ಕಾಣುವ ಹಾಗೆ, ಬೀಗ ಹಾಕಿ.

ಶನಿವಾರ ವರದಿ ಹಿಡಿದು ನರ್ಸಿಂಗ್ ಹೋಮಿಗೆ ಹೋದೆ. ಮಹದೇವಣ್ಣ ದಿಂಬಿಗೆ ಒರಗಿ ಕೂತಿದ್ದ, ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಅವನ ಹೆಂಡತಿ ಕಲಾ ಗಾರ್ಮೆಂಟ್ಸಿಗೆ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದಳು.

“ಬೀದಿ ಜನ ಎಲ್ಲಾ ಸರಿಯಾಗಿದಾರಾ?” ಎಂದು ಕೇಳಿದ. ಎರಡು ಮಾತಿಗೊಮ್ಮೆ ನಿಲ್ಲಿಸುತ್ತಿದ್ದ.

“ಇದಾರೆ ಅಣ್ಣಾ.”

“ಮತ್ ನಿಮ್ ಮುಖ ಯಾಕ್ ಹಿಂಗಿದೆ?”

ವರದಿಯನ್ನು ಕನ್ನಡದಲ್ಲಿ ಹೇಳಿದೆ, ಸಾಲು ಸಾಲಾಗಿ. ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ತುಂಬ ಹೊತ್ತಾಯಿತು.

“ನನ್ ಸೈನಾ? ಯಾವ್ದು, ಆವತ್ತು ಟೀ ಟೈಮಲ್ಲಿ ಹಾಕಿಸ್ಕೊಂಡ್ರಲ್ಲ, ಅದಾ?”

“ಹೂಂ.”

“ಏನ್ ಬರ್ದಿದೆ ಇದ್ರಲ್ಲಿ ಅಂತ ಕೇಳ್ದೆ. ಏನಂದೆ ನೀನು?”

ಮೂರು ವರ್ಷದಲ್ಲಿ ಮೊದಲ ಸಲ ಏಕವಚನ.

“ಫೈಲ್‌ಗೆ ಅಣ್ಣಾ, ನಿಮ್ಗೆ ಬಾಯಲ್ಲಿ ಹೇಳ್ತೀನಿ ಅಂದೆ.”

“ಹೇಳ್ದ್ಯಾ?”

“ಗ್ಯಾಸ್ ವಿಷ್ಯ ಎಲ್ಲಾ ಹೇಳಿದ್ನಲ್ಲ ಅಣ್ಣಾ. ಅಮೋನಿಯದಲ್ಲಿ ಅದ್ದಿದ ಬಟ್ಟೆ ಹಿಡಿದು ಲೀಕ್ ನೋಡೋದು…”

“ನೀರಿನ್ ವಿಷ್ಯ ಹೇಳ್ದ್ಯಾ?”

“ಇಲ್ಲ.” ದಿನಾ ನಾನೇ ಇರುತ್ತೇನಲ್ಲ, ಟ್ಯಾಂಕಿಗೆ ಏನು ಬೀಳಬೇಕೆಂದು ನಾನೇ ನೋಡಿಕೊಳ್ಳುತ್ತೇನಲ್ಲ ಎಂದುಕೊಂಡಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು.

ಕಲಾ ಎದ್ದು ನಿಂತಳು. “ಒಂದ್ ಕನ್ನಡ ಪೇಪರ್ ಅಂಟ್ಸಕ್ಕೆ ನಿಮ್ ಕೈಗೆ ಹುಳ ಬಿದ್ದಿತ್ತಾ ಮೇಡಂ? ಓದಕ್ ಬರಲ್ಲ ಅನ್ಕೊಂಡಿದ್ರಾ? ದಿನಾ ಪೇಪರ್ ಓದ್ತಾರೆ ಇವ್ರು. ಒಂದಕ್ಷರ ಬಿಡಲ್ಲ. ಇಪ್ಪತ್ತೆರಡು ವರ್ಷ ಆ ಟ್ಯಾಂಕ್ ಕಾದ್ರಲ್ಲ, ಅದೇನ್ ಕುಡಿಯತ್ತೆ ಏನ್ ಕುಡಿಯಲ್ಲ ಅಂತ ಇವ್ರಿಗೆ ಹೇಳ್ದೆ ಗೋಡೆಗ್ ಹೇಳಿದೀರಿ.”

“ಕಲಾ, ಬಿಡೇ,” ಎಂದ ಮಹದೇವಣ್ಣ. ನನ್ನ ಮೇಲೆ ಕರುಣೆ ಬಂದು ಅಂದದ್ದಲ್ಲ, ಮಾತಾಡುವ ಸರದಿ ತನಗೆ ಬೇಕಿತ್ತು. “ಬರಿ. ಇಲ್ಲೇ ಕೂತ್ಕೊಂಡ್ ಬರಿ, ಕನ್ನಡದಲ್ಲಿ. ಯಜಮಾನ್ರು ತುಂಬ್ಸು ಅಂದ್ರು. ನಾನ್ ತುಂಬ್ಸಿದೆ, ಅದೂ ಬರಿ, ನಾನ್ ಸುಳ್ಳ್ ಹೇಳಲ್ಲ. ಬೆಳ್ಳಗಾಯ್ತು ಅಂತ ನಿನ್ನ ಕೇಳ್ದೆ. ನಾಳೆ ನೋಡೋಣ ಅಂದೆ ನೀನು. ಅದನ್ನೂ ಬರಿ.”

ವರದಿಯ ಹಿಂಬದಿಯಲ್ಲೇ ಬರೆದೆ. ಬರೆದದ್ದನ್ನು ಅವನು ಇಸಿದುಕೊಂಡು ಬೆರಳಿಟ್ಟು ಓದಿದ. ‘ಗಮನಿಸಿದರೂ ಕ್ರಮ ಕೈಗೊಳ್ಳಲಿಲ್ಲ’ ಎಂದು ಬರೆದಿದ್ದೆ. ಅದರ ಮೇಲೆ ಗೀಟು ಎಳೆದು, ‘ನೋಡಿಯೂ ಸುಮ್ಮನಿದ್ದೆ’ ಎಂದು ಅವನೇ ತಿದ್ದಿದ. ಅಕ್ಷರ ನನ್ನದಕ್ಕಿಂತ ದುಂಡಗಿತ್ತು.

ಸೋಮವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ತಮ್ಮಣ್ಣ ಬಂದರು. ಐವತ್ತರ ಮೇಲಿನ, ನಿದ್ದೆ ಸಾಲದ ಮುಖದ ಮನುಷ್ಯ. ಕೊಟ್ಟ ಕಾಫಿ ಮುಟ್ಟಲಿಲ್ಲ. ಟ್ಯಾಂಕಿನ ಸುತ್ತ ನಡೆದು, ಒಣಗಿದ ಹೂವನ್ನೂ ಕುಂಕುಮವನ್ನೂ ನೋಡಿ, ಕ್ಯಾಬಿನ್ನಿಗೆ ಬಂದು ಕೂತರು. ಸಿದ್ದೇಶ್ ವರದಿಯ ಇನ್ನೊಂದು ಪ್ರತಿ ಮುಂದಿಟ್ಟ. ಸೋಫಾದ ಮೇಲೆ ಸೋಮಲಿಂಗಪ್ಪನವರು ಕೋಲಿನ ಮೇಲೆ ಗಲ್ಲವಿಟ್ಟು ಕೂತಿದ್ದರು. ಮಗ ಬೇಡವೆಂದರೂ ಬಂದಿದ್ದರು. ತಮ್ಮ ಶೆಡ್ಡಿಗೆ ಅಧಿಕಾರಿ ಬಂದಾಗ ತಾವು ಇರಬೇಡವೆ?

“ಇಲ್ಲಿ ಕೆಮಿಸ್ಟ್ ಸೈನ್ ಇಲ್ವಲ್ಲ,” ಎಂದರು ತಮ್ಮಣ್ಣ.

“ಹಾಕ್ತಾರೆ ಸಾರ್. ಮಿತ್ರಾ…”

ನಾನು ನನ್ನ ಹಾಳೆಯನ್ನು ಇನ್‌ಸ್ಪೆಕ್ಟರ ಕೈಗೇ ಕೊಟ್ಟೆ. “ಅದಕ್ಕೆ ಹಾಕಲ್ಲ ಸಾರ್. ಇದಕ್ಕೆ ಹಾಕಿದೀನಿ.”

“ಆಕ್ಸಿಡೆಂಟ್ ಆದಾಗಿಂದ ಸ್ವಲ್ಪ ಎಮೋಷನಲ್ ಆಗಿದಾರೆ ಸಾರ್. ಫ್ಯಾಮಿಲಿ ಥರ ಇದ್ವಿ ನಾವೆಲ್ಲ,” ಎಂದ ಸಿದ್ದೇಶ್, ಎಷ್ಟು ಮೃದುವಾಗಿ ಎಂದರೆ ಅವನ ತಲೆಯ ಮೇಲೆ ಆ ಕಾಫಿ ಸುರಿಯಬೇಕೆನಿಸಿತು.

ತಮ್ಮಣ್ಣ ಕನ್ನಡಕ ಹುಡುಕಿದರು. ಜೇಬಿನಲ್ಲಿರಲಿಲ್ಲ. “ನೀವೇ ಓದಮ್ಮ. ಜೋರಾಗಿ.”

ಓದಿದೆ. ಧ್ವನಿ ನಡುಗಿತು. ಹೆದರಿಕೆಯಿಂದಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ ಎಂದು ಇನ್ನಷ್ಟು ಜೋರಾಗಿ ಓದಿದೆ. ಈ ಟ್ಯಾಂಕಿಗೆ ಬರೀ ನೀರು ತುಂಬಿಸುವುದೇ ಅಪಾಯ. ಆಯುಧಪೂಜೆಯ ದಿನ ಯಜಮಾನರಾದ ಸೋಮಲಿಂಗಪ್ಪನವರ ಮಾತಿನಂತೆ ಬಾಯಂಚಿನವರೆಗೆ ನೀರು ತುಂಬಿಸಿದ್ದು ತಪ್ಪು…

“ಏನಂದೆ?” ಕೋಲು ನೆಲಕ್ಕೆ ಬಡಿಯಿತು. ಇಂಗ್ಲಿಷ್ ವರದಿ ಮೂರು ದಿನದಿಂದ ಅವರ ಮನೆಯ ಟೀಪಾಯಿ ಮೇಲೇ ಬಿದ್ದಿತ್ತಂತೆ. ಅದು ಅವರಿಗೂ ಅಷ್ಟೇ ತಲುಪಿತ್ತು, ನನ್ನ ನಿಯಮ ಮಹದೇವಣ್ಣನಿಗೆ ತಲುಪಿದಷ್ಟು. “ಪೂಜೆ ದಿನ ಟ್ಯಾಂಕ್ ತುಂಬ್ಸಿದ್ದು ತಪ್ಪು ಅಂತ ಬರ್ದಿದೀಯೇನಮ್ಮಾ? ನಲ್ವತ್ ವರ್ಷ ತುಂಬ್ಸಿದೀನಿ ನಾನು! ಒಂದ್ ದಿನ ಏನೂ ಆಗಿಲ್ಲ!”

“ಅಪ್ಪಾಜಿ, ಸುಮ್ನಿರಿ.”

“ಯಾಕೋ ಸುಮ್ನಿರ್ಲಿ? ನೆನ್ನೆ ಮೊನ್ನೆ ಬಂದ್ ಹುಡ್ಗಿ ನಂಗ್ ಪೂಜೆ ಹೇಳ್ಕೊಡ್ತಾಳಾ? ಮಹದೇವಂಗೆ ತುಂಬ್ಸೋ ಅಂದಿದ್ದು ನಾನೇ. ಅವ್ನು, ಮೇಡಮ್ಮನ್ನ ಒಂದ್ ಮಾತ್ ಕೇಳೋಣ ಯಜಮಾನ್ರೇ ಅಂದ. ಅವ್ಳನ್ನೇನ್ ಕೇಳೋದು, ಟ್ಯಾಂಕು ನಂದು, ತುಂಬ್ಸು ಅಂದೆ!”

ಕೇಳೋಣ ಅಂದಿದ್ದನಂತೆ. ಆಸ್ಪತ್ರೆಯಲ್ಲಿ ಅದನ್ನು ಅವನು ಹೇಳಲೇ ಇಲ್ಲ. ತನ್ನ ಪರವಾಗಿದ್ದ ಒಂದೇ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಸಿದ್ದ.

ತಮ್ಮಣ್ಣ ಸಿದ್ದೇಶನ ವರದಿಯನ್ನು ಮಡಿಸಿ ಬದಿಗಿಟ್ಟು ತಮ್ಮ ಪುಸ್ತಕ ತೆರೆದರು. “ಯಜಮಾನ್ರೇ, ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ. ನಿಧಾನಕ್ಕೆ.”

ಅವರು ಹೇಳಿದರು. ಸಂತೋಷವಾಗಿಯೇ ಹೇಳಿದರು, ಕಡೆಗೂ ಒಬ್ಬರು ತಮ್ಮ ಮಾತನ್ನು ಬರೆದುಕೊಳ್ಳುತ್ತಿದ್ದಾರೆಂದು. ಸಿದ್ದೇಶ್ ಕಿಟಕಿಯ ಕಡೆ ತಿರುಗಿ ನಿಂತ. ಬರೆದು ಮುಗಿಸಿದ ಮೇಲೆ ತಮ್ಮಣ್ಣ ಬೀರುವಿನ ಕಡೆ ಪೆನ್ನು ತೋರಿಸಿ, “ಅದ್ರ ಕೀ ಯಾರ್ ಹತ್ರ ಇರತ್ತೆ?” ಎಂದರು. ಸಿದ್ದೇಶನ ಕೈ ಜೇಬಿಗೆ ಹೋಯಿತು. ಅದನ್ನೂ ಬರೆದುಕೊಂಡರು.

ಹೊರಡುವಾಗ ಗೇಟಿನ ಬಳಿ ನನಗೆ ಹೇಳಿದರು: “ಆ ಆಪರೇಟರ್ ಇದ್ರಲ್ಲಿ ಸಾಕ್ಷಿ ಅಷ್ಟೆ. ಕಂಪನಿ ಮೇಲೆ ಬರತ್ತೆ, ಯಜಮಾನ್ರ ಮೇಲೆ ಬರತ್ತೆ. ನೋಡಿಯೂ ಸುಮ್ಮನಿದ್ದೆ ಅಂತ ನೀವೇ ಬರ್ಕೊಟ್ಟಿದೀರ, ನಿಮ್ ಮೇಲೂ ಬರತ್ತಮ್ಮ. ಆ ಸಾಲು ಬೇಕಾ? ಇನ್ನೂ ಸೀಲ್ ಹಾಕಿಲ್ಲ.”

ಆ ಸಾಲು ನನ್ನದಲ್ಲ, ತೆಗೆಯಲು ನನಗೆ ಹಕ್ಕಿಲ್ಲ ಎಂದುಕೊಂಡೆ. “ಇರ್ಲಿ ಸಾರ್.”

ಒಳಗಿನಿಂದ ಸಿದ್ದೇಶ್ ನನ್ನ ಬ್ಯಾಗನ್ನೂ ಹೆಲ್ಮೆಟ್ಟನ್ನೂ ತಂದು ಕಾಂಪೌಂಡಿನ ಮೇಲಿಟ್ಟ. “ಈ ಬೆಂಗ್ಳೂರಲ್ಲಿ ನಿಂಗೆ ಯಾವ ಲ್ಯಾಬಲ್ಲಿ ಕೆಲ್ಸ ಸಿಗತ್ತೋ ನಾನೂ ನೋಡ್ತೀನಿ.”

“ನೋಡಿ,” ಎಂದೆ. “ಅದಕ್ಕಿಂತ ಮುಂಚೆ ಆ ಟ್ಯಾಂಕಲ್ಲಿರೋದನ್ನ ಚರಂಡಿಗೆ ಬಿಡ್ಬೇಡಿ. ಬಿಟ್ರೆ ಅದಕ್ಕೂ ಒಂದು ಹಾಳೆ ಬರೀತೀನಿ.”

ರಸ್ತೆಗೆ ಬಂದು ಕಲಾಗೆ ಫೋನ್ ಮಾಡಿದೆ. ಗಂಡನ ಹೆಸರು ಕೇಸಿಗೆ ಬಂತೇನೋ ಎಂದು ಅವಳು ಹೆದರಿರುತ್ತಾಳೆ, ಹೇಳಿಬಿಡೋಣ ಎಂದು.

“ಮಹದೇವಣ್ಣನ ಮೇಲೆ ಕೇಸ್ ಇಲ್ಲ ಕಲಾ. ಬರೀ ಸಾಕ್ಷಿ.”

“ಸಾಕ್ಷಿ ಹೇಳಕ್ಕೆ ಉಸ್ರು ಬೇಕಲ್ಲ,” ಎಂದಳು ಅವಳು. “ಬಾತ್‌ರೂಮಿಗ್ ಹೋಗ್ಬರೋಷ್ಟ್ರಲ್ಲಿ ನೀಲಿ ಆಗ್ತಾರೆ. ಇನ್ನು ಹಿಂಗೇ ಅಂತೆ, ಡಾಕ್ಟ್ರು ಈಗ ಹೇಳಿ ಹೋದ್ರು. ನಾನ್ ನಿಮ್ಗೆ ಥ್ಯಾಂಕ್ಸ್ ಹೇಳ್ಬೇಕಾ ಮೇಡಂ?”

“ಬೇಡ.”

“ಹೇಳಲ್ಲ.” ಕಟ್ ಮಾಡಿದಳು.

ಮತ್ತೆ ಫೋನ್ ಮಾಡಲಿಲ್ಲ. ಹೆಲ್ಮೆಟ್ ಹಾಕಿಕೊಂಡೆ. ಮನೆಗೆ ಬಲಕ್ಕೆ ತಿರುಗಬೇಕು, ನರ್ಸಿಂಗ್ ಹೋಮಿಗೆ ಎಡಕ್ಕೆ. ಎಡಕ್ಕೆ ತಿರುಗಿದೆ. ಅವಳು ಫೋನಿನಲ್ಲಿ ಅರ್ಧಕ್ಕೇ ನಿಲ್ಲಿಸಿದ್ದಳು, ಉಳಿದದ್ದನ್ನು ಎದುರಿಗೆ ನಿಂತು ಕೇಳಿಸಿಕೊಳ್ಳಬೇಕಿತ್ತು.